ಕಾಯ್ದೆಯ ಕಲಮಿನಿಂದ ಕೈಯಲ್ಲಿನ ಅರ್ಜಿಯವರೆಗೆ: ವಿಕಲಚೇತನ ಮಕ್ಕಳ ಪಾಲಕರಿಗಾಗಿ ಕಾನೂನು ಮಾಹಿತಿ ತಾಣ ಕಟ್ಟಿದ ಅನುಭವ

ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನಲ್ ವಕೀಲೆಯಾಗಿ ಕೆಲಸ ಮಾಡುವಾಗ ನನ್ನ ಬಳಿಗೆ ಬರುತ್ತಿದ್ದ ವಿಕಲಚೇತನ ಮಕ್ಕಳ ತಂದೆ ತಾಯಂದಿರಲ್ಲಿ ಹೆಚ್ಚಿನವರು ದಾವೆ ಹೂಡಲು ಬಂದವರಾಗಿರಲಿಲ್ಲ. ಶಾಲೆಯವರು ಸೇರಿಸಿಕೊಳ್ಳುತ್ತಿಲ್ಲ, ವೈಕಲ್ಯದ ಪ್ರಮಾಣಪತ್ರದಲ್ಲಿ ಶೇಕಡ 35 ಎಂದು ಬರೆದುಕೊಟ್ಟಿದ್ದಾರೆ, ಮಗಳಿಗೆ 18 ತುಂಬಿದ ಮೇಲೆ ಬ್ಯಾಂಕಿನವರು ತಾಯಿಯ ಸಹಿಯನ್ನು ಒಪ್ಪುತ್ತಿಲ್ಲ, ಈಗ ಯಾವ ಕಚೇರಿಗೆ ಹೋಗಬೇಕು ಎಂಬಂಥ ಪ್ರಶ್ನೆಗಳನ್ನು ಹೊತ್ತು ಅವರು ಬರುತ್ತಿದ್ದರು. ಇವಕ್ಕೆಲ್ಲ ಕಾನೂನಿನಲ್ಲಿ ಉತ್ತರವಿತ್ತು. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿದ್ದರೆ, ಅದರ ಜಾಗಕ್ಕೆ ಬಂದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಆದರೆ ಆ ಉತ್ತರ ಪಾಲಕರಿಗೆ ತಲುಪುತ್ತಿರಲಿಲ್ಲ. ತಲುಪಿದಾಗಲೂ ಅದನ್ನು ಹಿಡಿದು ಮರುದಿನ ಬೆಳಿಗ್ಗೆ ಏನು ಮಾಡಬೇಕೆಂಬುದು ತಿಳಿಯುತ್ತಿರಲಿಲ್ಲ. ಈ ಅಂತರವನ್ನು ತುಂಬಲೆಂದು ಕೆಲವು ಪಾಲಕರು, ಒಬ್ಬ ವಿಶೇಷ ಶಿಕ್ಷಕಿ, ಒಬ್ಬ ತಂತ್ರಾಂಶ ಬಲ್ಲ ಗೆಳೆಯ ಮತ್ತು ನಾನು ಸೇರಿ ಕನ್ನಡದಲ್ಲಿ ಒಂದು ಜಾಲತಾಣವನ್ನು ಕಟ್ಟಿದೆವು. ಇಂಥ ಕೆಲಸಕ್ಕೆ ಕೈಹಾಕಲಿರುವವರಿಗೆ ಉಪಯೋಗವಾಗಲಿ ಎಂದು ಅದನ್ನು ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೀರ್ಮಾನವಾಗಬೇಕಾದದ್ದು ವಿಷಯಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದು. ವಕೀಲರಾದ ನಮಗೆ ಕಾಯ್ದೆ, ಅಧ್ಯಾಯ, ಕಲಮು ಎಂಬ ಕ್ರಮವೇ ಸಹಜವಾಗಿ ತೋರುತ್ತದೆ. ಪಾಲಕರು ಮಾತ್ರ ಕಾಯ್ದೆಯ ಹೆಸರು ಹಿಡಿದು ಹುಡುಕುವುದಿಲ್ಲ, ತಮಗೆ ಎದುರಾದ ಸಂದರ್ಭವನ್ನು ಹಿಡಿದು ಹುಡುಕುತ್ತಾರೆ. ಆದ್ದರಿಂದ ಮುಖಪುಟದಲ್ಲಿ ಒಂದೇ ಒಂದು ಕಾಯ್ದೆಯ ಹೆಸರೂ ಇರಬಾರದೆಂದು ನಿಶ್ಚಯಿಸಿದೆವು. ಅಲ್ಲಿರುವುದು ‘ಶಾಲೆ ಸೇರಿಸಿಕೊಳ್ಳುತ್ತಿಲ್ಲ’, ‘ಪರೀಕ್ಷೆಗೆ ಹೆಚ್ಚು ಸಮಯ ಬೇಕು’, ‘ಪ್ರಮಾಣಪತ್ರದ ಶೇಕಡಾವಾರು ಸರಿಯಿಲ್ಲ’, ‘ಮಗುವಿಗೆ 18 ತುಂಬುತ್ತಿದೆ’ ಎಂಬಂಥ ವಾಕ್ಯಗಳು ಮಾತ್ರ. ಈ ವಾಕ್ಯಗಳನ್ನು ನಾವು ಕಲ್ಪಿಸಿಕೊಳ್ಳಲಿಲ್ಲ. ಕಾನೂನು ಅರಿವು ಶಿಬಿರಗಳಲ್ಲಿ ಪಾಲಕರು ಆಡಿದ ಮಾತುಗಳನ್ನು ಅವರ ಹೆಸರಿಲ್ಲದೆ ಬರೆದಿಟ್ಟುಕೊಂಡು, ಪದೇ ಪದೇ ಬಂದವುಗಳನ್ನು ಹೆಚ್ಚುಕಡಿಮೆ ಅದೇ ರೂಪದಲ್ಲಿ ಉಳಿಸಿಕೊಂಡೆವು.

ಎರಡನೆಯ ನಿಯಮವನ್ನು ನಾನು ಹಟ ಹಿಡಿದು ಉಳಿಸಿಕೊಂಡೆ. ಪ್ರತಿಯೊಂದು ಪುಟವೂ ಸಹಿ ಮಾಡಿ ಕೊಡಬಹುದಾದ ಒಂದು ಕಾಗದದಲ್ಲಿ ಮುಗಿಯಬೇಕು. ಹಕ್ಕನ್ನು ವಿವರಿಸಿ ನಿಲ್ಲುವ ಪುಟ ಓದುಗರಿಗೆ ಧೈರ್ಯ ಕೊಟ್ಟೀತು, ಆದರೆ ಕಚೇರಿಯ ಟೇಬಲ್ಲಿನ ಆಚೆ ಕುಳಿತವರ ಮೇಲೆ ಅದರಿಂದ ಯಾವ ಪರಿಣಾಮವೂ ಆಗದು. ಯಾರನ್ನು ಉದ್ದೇಶಿಸಿ ಬರೆಯಬೇಕು, ಯಾವ ಕಲಮನ್ನು ಹೆಸರಿಸಬೇಕು, ಯಾವ ಪ್ರತಿಗಳನ್ನು ಲಗತ್ತಿಸಬೇಕು, ಸ್ವೀಕೃತಿಯ ಮೊಹರನ್ನು ಎಲ್ಲಿ ಹಾಕಿಸಿಕೊಳ್ಳಬೇಕು, ಟಪಾಲು ವಿಭಾಗದಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದೆಲ್ಲ ಆ ಪುಟದಲ್ಲೇ ಇರಬೇಕು. ಅರ್ಜಿಯ ಮಾದರಿ ಎ4 ಹಾಳೆಯ ಒಂದು ಬದಿಯನ್ನು ಮೀರಬಾರದು.

ಶಾಲಾ ಪ್ರವೇಶದ ಪುಟಕ್ಕೆ ನಾವು ಎಲ್ಲಕ್ಕಿಂತ ಹೆಚ್ಚು ಶ್ರಮ ಹಾಕಿದೆವು, ಏಕೆಂದರೆ ಇಲ್ಲಿ ಎರಡು ಕಾಯ್ದೆಗಳು ಒಂದರ ಮೇಲೊಂದು ಕೂಡಿಕೊಂಡಿವೆ ಮತ್ತು ಅವುಗಳ ನಡುವಿನ ವ್ಯತ್ಯಾಸ ತಿಳಿಯದಿದ್ದರೆ ಪಾಲಕರು ಅರ್ಧ ಹಕ್ಕನ್ನು ಬಿಟ್ಟುಕೊಟ್ಟಂತಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಮಾನ್ಯವಾಗಿ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. 2016ರ ಕಾಯ್ದೆಯ 31ನೇ ಕಲಮು, ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಏನೇ ಇದ್ದರೂ, ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಕೊಡುತ್ತದೆ. ‘ಇಂಥ ಮಕ್ಕಳಿಗೆ ವಿಶೇಷ ಶಾಲೆಗಳಿವೆ, ಅಲ್ಲಿಗೆ ಕರೆದುಕೊಂಡು ಹೋಗಿ’ ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ ಉತ್ತರವಾಗಿ ನಿಲ್ಲುವುದು ಈ ಆಯ್ಕೆ. ಆ ಆಯ್ಕೆಯನ್ನು ಕಾನೂನು ಶಾಲೆಯ ಕೈಗೆ ಕೊಟ್ಟಿಲ್ಲ.

ಶೇಕಡ 40ಕ್ಕಿಂತ ಕಡಿಮೆ ಎಂದು ಬರೆಸಿಕೊಂಡ ಮಕ್ಕಳ ಪಾಲಕರು ತಮಗೆ ಕಾನೂನಿನಲ್ಲಿ ಏನೂ ಇಲ್ಲವೆಂದು ತಿಳಿದು ಸುಮ್ಮನಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಅದೇ ಪುಟದಲ್ಲಿ 2016ರ ಕಾಯ್ದೆಯ 16ನೇ ಕಲಮನ್ನು ದೊಡ್ಡ ಅಕ್ಷರಗಳಲ್ಲಿ ಇಟ್ಟೆವು. ತಮ್ಮ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳೂ ತಾರತಮ್ಯವಿಲ್ಲದೆ ಪ್ರವೇಶ ಕೊಡುವಂತೆ ಮತ್ತು ಮಗುವಿನ ಅಗತ್ಯಕ್ಕೆ ತಕ್ಕ ಸೂಕ್ತ ಹೊಂದಾಣಿಕೆಗಳನ್ನು ಮಾಡುವಂತೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಪ್ರಯತ್ನಿಸಬೇಕೆಂದು ಆ ಕಲಮು ಹೇಳುತ್ತದೆ. ಅಲ್ಲಿ ಶೇಕಡ 40ರ ಗೆರೆಯೇ ಇಲ್ಲ. ಇದಕ್ಕೆ ಒತ್ತಾಸೆಯಾಗಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಸಾರವನ್ನು ನಾಲ್ಕು ವಾಕ್ಯಗಳಲ್ಲಿ ಬರೆದೆವು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಪರೀಕ್ಷೆಯಲ್ಲಿ ಲಿಪಿಕಾರರ ನೆರವು ಕೇಳಿದ್ದ ಆ ಪ್ರಕರಣದಲ್ಲಿ, ಶೇಕಡ 40ರ ಮಿತಿಯನ್ನು ಮುಂದಿಟ್ಟು ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಪರೀಕ್ಷೆಯ ಪುಟಕ್ಕೂ ಇದೇ ತೀರ್ಪು ಆಧಾರವಾಯಿತು. ಶೇಕಡಾವಾರಿನ ಬಗ್ಗೆಯೇ ತಕರಾರಿದ್ದರೆ 59ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದೆಂಬುದನ್ನು ಬೇರೆ ಪುಟವಾಗಿ ಮಾಡಿದೆವು.

ಪ್ರವೇಶದ ಅರ್ಜಿಯ ಮಾದರಿಯಲ್ಲಿ ಒಂದು ಸಾಲು ಇದೆ. ಇಡೀ ತಾಣದಲ್ಲಿ ಅತ್ಯಂತ ಕೆಲಸಕ್ಕೆ ಬಂದದ್ದು ಆ ಸಾಲೇ ಎಂಬುದು ನನ್ನ ಅಭಿಪ್ರಾಯ: ‘ಪ್ರವೇಶ ನೀಡಲು ಸಾಧ್ಯವಿಲ್ಲವಾದಲ್ಲಿ ಕಾರಣಗಳನ್ನು ತಿಳಿಸಿ ಲಿಖಿತ ಹಿಂಬರಹ ನೀಡಬೇಕಾಗಿ ಕೋರುತ್ತೇನೆ.’ ಪ್ರವೇಶ ನಿರಾಕರಣೆ ಯಾವಾಗಲೂ ಬಾಯಿಮಾತಿನಲ್ಲೇ ನಡೆಯುತ್ತದೆ. ಬರೆದು ಕೊಡಿ ಎಂದು ಕೇಳಿದಾಗ ಮಾತಿನ ಧಾಟಿ ಬದಲಾಗಿ, ‘ನಾಳೆ ಬನ್ನಿ, ಆಡಳಿತ ಮಂಡಳಿಯವರನ್ನು ಕೇಳಿ ಹೇಳುತ್ತೇವೆ’ ಎಂಬಲ್ಲಿಗೆ ಬಂದದ್ದನ್ನು ಹಲವು ಪಾಲಕರು ತಿಳಿಸಿದ್ದಾರೆ. ಹಿಂಬರಹ ಕೊಟ್ಟರೆ ಅದೇ ಮುಂದಿನ ದೂರಿಗೆ ಆಧಾರ. ಕೊಡದಿದ್ದರೆ ಸ್ವೀಕೃತಿಯ ಮೊಹರಿರುವ ಪ್ರತಿಯೇ ಆಧಾರ. ಅಲ್ಲಿಂದ ಮುಂದೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಮೇಲೆ ವಿಕಲಚೇತನರ ರಾಜ್ಯ ಆಯುಕ್ತರು ಎಂಬ ಕ್ರಮವನ್ನು ತೋರಿಸಿದ್ದೇವೆ. ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸಿಕೊಳ್ಳುವ ವಿಷಯದಲ್ಲಿ 82ನೇ ಕಲಮಿನಡಿ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಅವರು ಮಾಡಿದ ಶಿಫಾರಸಿನ ಮೇಲೆ ಸಂಬಂಧಪಟ್ಟ ಪ್ರಾಧಿಕಾರ ಕ್ರಮ ಕೈಗೊಂಡು ಮೂರು ತಿಂಗಳೊಳಗೆ ಆಯುಕ್ತರಿಗೆ ತಿಳಿಸಬೇಕು. ಅದು ಶಿಫಾರಸೇ ಹೊರತು ನ್ಯಾಯಾಲಯದ ಡಿಕ್ರಿ ಅಲ್ಲ ಎಂಬುದನ್ನೂ ಮುಚ್ಚಿಡದೆ ಬರೆದೆವು. ದುಃಖದಲ್ಲಿರುವವರಿಗೆ ಇಲ್ಲದ ಭರವಸೆ ಕೊಡುವುದು ಮಾಹಿತಿ ಕೊಡದಿರುವುದಕ್ಕಿಂತ ಹೆಚ್ಚಿನ ಅನ್ಯಾಯವೆಂದು ನಾನು ನಂಬಿದ್ದೇನೆ.

18 ತುಂಬುವ ಮಕ್ಕಳ ಪುಟವನ್ನು ಬರೆಯಬೇಕೆಂದು ಪಟ್ಟು ಹಿಡಿದವರು ತಾಯಂದಿರು. ಮಗು ವಯಸ್ಕನಾದ ದಿನದಿಂದ ತಂದೆ ತಾಯಿಯ ಸಹಜ ಪೋಷಕತ್ವ, ಅಂದರೆ ಮಗುವಿನ ಪರವಾಗಿ ತೀರ್ಮಾನಿಸುವ ಮತ್ತು ಸಹಿ ಹಾಕುವ ಅಧಿಕಾರ (ಗಾರ್ಡಿಯನ್‌ಶಿಪ್), ಕಾನೂನಿನ ಕಣ್ಣಿನಲ್ಲಿ ಮುಗಿಯುತ್ತದೆ ಎಂಬ ಸಂಗತಿ ಅವರಲ್ಲಿ ಅನೇಕರಿಗೆ ಬ್ಯಾಂಕಿನ ಕೌಂಟರಿನಲ್ಲೇ ಮೊದಲು ತಿಳಿದದ್ದು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯಗಳಿಗೆ ಸಂಬಂಧಿಸಿದ್ದು. ಅದರ 13ನೇ ಕಲಮಿನಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯಲ್ಲಿ ಜಿಲ್ಲಾಧಿಕಾರಿಗಳು, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುತ್ತಾರೆ. 14ನೇ ಕಲಮಿನಡಿ ಪೋಷಕರ ನೇಮಕಕ್ಕೆ ಆ ಸಮಿತಿಗೆ ಅರ್ಜಿ ಕೊಡಬೇಕು. ನೇಮಕವಾದ ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನು ಒಪ್ಪಿಸಬೇಕಾಗುತ್ತದೆ. ಆದೇಶ ಸಿಕ್ಕಿದ ಸಂತೋಷದಲ್ಲಿ ಈ ಭಾಗ ಮರೆತುಹೋಗುತ್ತದೆಂದು ಅದಕ್ಕಾಗಿಯೇ ಒಂದು ಮಾದರಿ ಲೆಕ್ಕಪತ್ರವನ್ನು ಕೊಟ್ಟೆವು.

ಇದೇ ಪುಟದ ಬಗ್ಗೆ ನಮ್ಮೊಳಗೆ ದೀರ್ಘ ಚರ್ಚೆ ನಡೆಯಿತು. 2016ರ ಕಾಯ್ದೆಯ 14ನೇ ಕಲಮು ಸೀಮಿತ ಪೋಷಕತ್ವದ ಮಾತನ್ನಾಡುತ್ತದೆ. ಅಲ್ಲಿ ಪೋಷಕರು ಮತ್ತು ವಿಕಲಚೇತನ ವ್ಯಕ್ತಿ ಪರಸ್ಪರ ತಿಳಿವಳಿಕೆ ಮತ್ತು ನಂಬಿಕೆಯ ಮೇಲೆ ಜೊತೆಯಾಗಿ ನಿರ್ಧಾರ ತೆಗೆದುಕೊಳ್ಳಬೇಕು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತು ಎಲ್ಲವನ್ನೂ ತೀರ್ಮಾನಿಸುವ ವ್ಯವಸ್ಥೆ ಅದಲ್ಲ. ಭಾರತ 2007ರಲ್ಲಿ ಅನುಮೋದಿಸಿದ, ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ ಆಶಯವೂ ಇದೇ. ತಮ್ಮ ನಂತರ ಮಗುವಿನ ಗತಿಯೇನು ಎಂದು ಹಗಲಿರುಳು ಯೋಚಿಸುವ ಪಾಲಕರಿಗೆ ಪೂರ್ಣ ಪೋಷಕತ್ವವೇ ಭದ್ರವೆನಿಸುವುದು ಸಹಜ. ನಾನು ಅದನ್ನು ಗೌರವಿಸುತ್ತೇನೆ. ಆದರೂ ಪುಟದ ಮೊದಲ ಪ್ರಶ್ನೆ ‘ನಿಮ್ಮ ಮಗ ಅಥವಾ ಮಗಳು ಯಾವ ವಿಷಯಗಳನ್ನು ತಾವೇ ತೀರ್ಮಾನಿಸಬಲ್ಲರು?’ ಎಂದಿರಬೇಕೆಂದು ವಾದಿಸಿದೆ, ಕೊನೆಗೆ ಎಲ್ಲರೂ ಒಪ್ಪಿದರು. ಹಕ್ಕು ಮೊದಲು ಮಗುವಿನದು; ಪಾಲಕರ ಹಕ್ಕು ಅದನ್ನು ಕಾಯುವುದಕ್ಕಾಗಿ ಇದೆ.

ಬರವಣಿಗೆಯನ್ನು ನಾನು ಕರಡು ಮಾಡುತ್ತಿದ್ದೆ, ಇನ್ನೊಬ್ಬ ವಕೀಲರು ಮೂಲ ಕಾಯ್ದೆಯೊಡನೆ ತಾಳೆ ನೋಡುತ್ತಿದ್ದರು, ಕೊನೆಯಲ್ಲಿ ಕಾನೂನು ಓದಿರದ ಒಬ್ಬ ತಾಯಿ ಗಟ್ಟಿಯಾಗಿ ಓದುತ್ತಿದ್ದರು. ಅವರು ತಡವರಿಸಿದ ವಾಕ್ಯಗಳನ್ನೆಲ್ಲ ಮತ್ತೆ ಬರೆದೆವು. ಪ್ರತಿ ಪುಟದ ತಲೆಯಲ್ಲಿ ಅದನ್ನು ಕೊನೆಯದಾಗಿ ಪರಿಶೀಲಿಸಿದ ದಿನಾಂಕವಿದೆ. ಇದು ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಉದಾಹರಣೆಗೆ, ವಿಕಲಚೇತನ ಅವಲಂಬಿತರಿರುವ ತೆರಿಗೆದಾರರಿಗೆ 75,000 ರೂಪಾಯಿ, ಶೇಕಡ 80 ಅಥವಾ ಹೆಚ್ಚಿನ ವೈಕಲ್ಯವಿದ್ದರೆ 1,25,000 ರೂಪಾಯಿ ಕಡಿತ ಕೊಡುತ್ತಿದ್ದ 80ಡಿಡಿ ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ ಕಲಮು. ಅದರ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬರುವಂತಾದಾಗ ಕಲಮುಗಳ ಸಂಖ್ಯೆಗಳೂ ಬದಲಾದವು. ಹಳೆಯ ಸಂಖ್ಯೆ ಹೊತ್ತ ಅರ್ಜಿಯನ್ನು ಕಚೇರಿಯವರು ನೆಪ ಮಾಡಿಕೊಂಡು ವಾಪಸು ಕೊಡುವ ಸಾಧ್ಯತೆ ಇರುವುದರಿಂದ ಪ್ರತಿ ಪುಟಕ್ಕೂ ಒಬ್ಬ ಹೊಣೆಗಾರರನ್ನು ನೇಮಿಸಿದ್ದೇವೆ. ಹೊಣೆ ಹೊರುವವರು ಸಿಗದ ಪುಟವನ್ನು ಪ್ರಕಟಿಸುವುದಿಲ್ಲ.

ತಾಂತ್ರಿಕ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ, ಆದರೆ ಮುಖ್ಯವಾದದ್ದು. ಪಾಲಕರಲ್ಲಿ ದೃಷ್ಟಿದೋಷವುಳ್ಳವರೂ ಇದ್ದಾರೆ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡವನ್ನಾಗಲಿ, ಚಿತ್ರವಾಗಿ ಸ್ಕ್ಯಾನ್ ಮಾಡಿದ ಆದೇಶವನ್ನಾಗಲಿ ಸ್ಕ್ರೀನ್ ರೀಡರ್ ತಂತ್ರಾಂಶ ಸರಿಯಾಗಿ ಓದಲಾರದು. ಹಾಗಾಗಿ ನಮಗೆ ಬೇಕಾದ ಸರ್ಕಾರಿ ಆದೇಶಗಳನ್ನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿ, ಮೂಲದ ಪ್ರತಿಯನ್ನು ಪಕ್ಕದಲ್ಲಿ ಇಟ್ಟೆವು. ಓದು ಬಾರದವರಿಗಾಗಿ ಪ್ರತಿ ಪುಟಕ್ಕೂ ಧ್ವನಿಮುದ್ರಣವಿದೆ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಹುದಾದಷ್ಟು ಚಿಕ್ಕದು. ಹಳ್ಳಿಗಳಲ್ಲಿ ಇವನ್ನು ಮನೆಮನೆಗೆ ಮುಟ್ಟಿಸಿದವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಅವರ ಸಹಕಾರವಿಲ್ಲದಿದ್ದರೆ ನಮ್ಮ ಕೆಲಸ ಪಟ್ಟಣ ದಾಟುತ್ತಿರಲಿಲ್ಲ.

ಮಗುವಿನ ಹೆಸರು, ಫೋಟೊ, ವೈದ್ಯಕೀಯ ದಾಖಲೆ, ವಿಕಲಚೇತನರ ಗುರುತಿನ ಚೀಟಿಯ (ಯುಡಿಐಡಿ) ಸಂಖ್ಯೆ ಇವು ಯಾವುವನ್ನೂ ತಾಣ ಕೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಮಕ್ಕಳ ದತ್ತಾಂಶಕ್ಕೆ ಪಾಲಕರ ಖಚಿತ ಸಮ್ಮತಿಯನ್ನು ಬಯಸುತ್ತದೆ. ಅದಕ್ಕೂ ಮಿಗಿಲಾಗಿ, ತನ್ನ ಬಾಲ್ಯದ ರೋಗವಿವರ ಜಾಲದಲ್ಲಿ ಉಳಿಯಬೇಕೇ ಬೇಡವೇ ಎಂದು ಮುಂದೆ ಆ ಮಗುವೇ ಕೇಳಬಹುದು. ಅರ್ಜಿಯ ಮಾದರಿಗಳನ್ನು ಇಳಿಸಿಕೊಂಡು ಪಾಲಕರು ತಮ್ಮಲ್ಲೇ ತುಂಬಿಕೊಳ್ಳುತ್ತಾರೆ. ಪ್ರಕರಣ ತೊಡಕಿನದ್ದಾಗಿದ್ದರೆ ಅವರನ್ನು ಉಚಿತ ಕಾನೂನು ನೆರವಿಗೆ ಕಳುಹಿಸುತ್ತೇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಕ್ಕಳು, ಮಹಿಳೆಯರು ಮತ್ತು ವಿಕಲಚೇತನರು ಆದಾಯ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು. ಸಹಾಯವಾಣಿಯ ಸಂಖ್ಯೆ 15100 ಪ್ರತಿ ಪುಟದ ಕೊನೆಯಲ್ಲಿದೆ.

ಈಗ ಬರೆಯುತ್ತಿರುವುದು ಆರು ವರ್ಷದೊಳಗಿನ ಮಕ್ಕಳ ಪುಟ. 31ನೇ ಕಲಮು ಆರನೇ ವರ್ಷದಿಂದ ಮಾತ್ರ ಆರಂಭವಾಗುತ್ತದೆ, ಆದರೆ ತೊಂದರೆ ಮೊದಲು ಕಾಣಿಸಿಕೊಳ್ಳುವುದೂ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಾಗುವುದೂ ಅದಕ್ಕಿಂತ ಮುಂಚೆಯೇ. 2016ರ ಕಾಯ್ದೆಯ 25ನೇ ಕಲಮು, ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ಎಲ್ಲ ಮಕ್ಕಳನ್ನೂ ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ಮಾಡಬೇಕೆನ್ನುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ, ಮಕ್ಕಳ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಕೊಡುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ ವ್ಯವಸ್ಥೆಯಿದೆ. ಅಂಗನವಾಡಿಯಿಂದ ಆ ಕೇಂದ್ರದವರೆಗೆ ತಾಯಿಯೊಬ್ಬಳು ಯಾವ ಚೀಟಿ ಹಿಡಿದು ಹೋಗಬೇಕು, ತಪಾಸಣೆ ನಡೆದೇ ಇಲ್ಲದಿದ್ದರೆ ಯಾರಿಗೆ ಬರೆಯಬೇಕು ಎಂಬುದನ್ನು ಕಾರ್ಯಕರ್ತೆಯರ ಜೊತೆ ಕುಳಿತು ಗುರುತು ಹಾಕಿಕೊಳ್ಳುತ್ತಿದ್ದೇವೆ. ಅರ್ಜಿಯ ಮಾದರಿ ಸಿದ್ಧವಾಗುವವರೆಗೆ ಆ ಪುಟವನ್ನು ತೆರೆಯುವುದಿಲ್ಲ.