ಜಲಪಾತದ ನೀರು ಫೋಟೋದಲ್ಲಿ ಬರೀ ಬಿಳಿ ಪಟ್ಟೆಯಾದಾಗ

ಯಾಣದ ಹತ್ತಿರದ ವಿಭೂತಿ ಜಲಪಾತಕ್ಕೆ ಎರಡು ಸಲ ಕಾಡುದಾರಿಯಲ್ಲಿ ನಡೆದು ಹೋಗಿದ್ದೆ. ಎರಡು ಸಲವೂ ಫೋಟೋ ಹಾಳು. ನೀರು ನೊರೆಹಾಲಿನ ಹಾಗೆ ನಯವಾಗಿ ಬರಲಿ ಅಂತ ಶಟರ್ ನಿಧಾನ ಮಾಡುತ್ತಿದ್ದೆ, ಅಂದರೆ ಬೆಳಕು ಒಳಗೆ ಬಿಡುವ ಕ್ಯಾಮೆರಾದ ಪರದೆಯನ್ನು ಹೆಚ್ಚು ಹೊತ್ತು ತೆರೆದಿಡುತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಬೆಳಕು ಅತಿಯಾಗಿ ನೀರು ಸುಣ್ಣ ಬಳಿದ ಗೋಡೆಯಂತೆ ಕಾಣುತ್ತಿತ್ತು. ಒಂದು ಎಳೆಯೂ ಇಲ್ಲ.

ಮೂರನೇ ಸಲ ಬೆಳಗ್ಗೆಯೇ ಹೋದೆ. ನೀರಿನ ಮೇಲೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಟ್ರೈಪಾಡ್ ಕಾಲುಗಳನ್ನು ಬಂಡೆಗಳ ನಡುವೆ ಗಟ್ಟಿಯಾಗಿ ಊರಿದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/11, ಶಟರ್ ಅರ್ಧ ಸೆಕೆಂಡು. ಲೆನ್ಸಿಗೆ ಪೋಲರೈಸರ್, ಅಂದರೆ ಹೊಳಪು ತಗ್ಗಿಸುವ ಫಿಲ್ಟರ್ ಹಾಕಿ ನಿಧಾನವಾಗಿ ತಿರುಗಿಸಿದೆ. ಒದ್ದೆ ಬಂಡೆಯ ಹೊಳಪು ಇಳಿಯಿತು, ಎಲೆಗಳ ಹಸಿರು ಎದ್ದು ಬಂತು. ಆ ಕ್ಷಣದ ಖುಷಿಯೇ ಬೇರೆ! ಪೋಲರೈಸರ್ ಬೆಳಕನ್ನೂ ಕಡಿಮೆ ಮಾಡುತ್ತದೆ. ಹಾಗಾಗಿ ನಿಧಾನ ಶಟರಿಗೆ ಅದು ಇನ್ನಷ್ಟು ಅನುಕೂಲ.

ತುಂತುರಿನದು ಇನ್ನೊಂದು ಕಾಟ. ಲೆನ್ಸ್ ಮೇಲೆ ಹನಿ ಕೂತರೆ ಚಿತ್ರದಲ್ಲಿ ಮಸುಕು ಕಲೆ ಬೀಳುತ್ತದೆ. ತಮ್ಮ ಕೊಡೆ ಹಿಡಿದ. ಪ್ರತಿ ಫೋಟೋಗೂ ಮೊದಲು ನಾನು ಒಣ ಬಟ್ಟೆಯಲ್ಲಿ ಗಾಜು ಒರೆಸಿದೆ. ಕ್ಯಾಮೆರಾ ಮುಟ್ಟಿದರೆ ಅಲುಗುತ್ತದೆ ಅಲ್ವಾ, ಅದಕ್ಕೆ 2 ಸೆಕೆಂಡಿನ ಟೈಮರ್ ಇಟ್ಟೆ.

ಮನೆಗೆ ಬಂದು ನೋಡಿದರೆ ನೀರಿನ ಎಳೆ ಎಳೆಯೂ ಬಿಡಿಯಾಗಿ ಕಾಣುತ್ತಿತ್ತು.