ಕನ್ನಡಕ್ಕೆ ಚುಕ್ಕೆ ಫಾಂಟ್: ಅರೆಮನೆ ಲೆಕ್ಕ ಕೊನೆಗೂ ಕೂತಿತು

ಹೋದ ತಿಂಗಳು ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಖಾನಾವಳಿಯೊಂದರಲ್ಲಿ ನನ್ನ ಫಾಂಟಿನ ಮೊದಲ ಬಿಲ್ ಹೊರಬಂತು. ಎಡಕ್ಕೆ ತಿನಿಸು, ಬಲಕ್ಕೆ ದರ, ಅಂಕಿ ಕೆಳಗೆ ಅಂಕಿ. ಎಲ್ಲ ಕನ್ನಡದಲ್ಲಿ. "ಕನ್ನಡದಾಗ ಸಾಲು ಸರಿ ಕೂಡೂದಿಲ್ರೀ, ಇಂಗ್ಲಿಷ್ ಇರಲಿ ಬಿಡ್ರಿ" ಅಂದಿದ್ದ ಮಾಲೀಕರೇ ಆ ಬಿಲ್ಲನ್ನು ಗಲ್ಲಾದ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ.

ಇದಕ್ಕೆ ಸುಮಾರು ಏಳೆಂಟು ತಿಂಗಳ ರಾತ್ರಿಗಳು ಹೋಗಿವೆ. ಶುರುವಿನಲ್ಲಿ ಹಳೆ ವಿಡಿಯೋ ಗೇಮ್‌ಗಳ 8×8 ಚುಕ್ಕೆ ಅಕ್ಷರದ ಹುಚ್ಚು ನನಗೆ. 1984ರ ಮ್ಯಾಕಿಂಟೋಷ್‌ಗೆ ಸುಸಾನ್ ಕೇರ್ ಬಿಡಿಸಿದ ಮೊನಾಕೊ ಫಾಂಟ್ ನೋಡಿ, ಹಾಗೇ ಒಂದು ಅಕ್ಷರಕ್ಕೆ ಒಂದೇ ಅಗಲದ ಒಂದು ಮನೆ (ಚೌಕ) ಅಂತ ಕೂತೆ. ಕ, ರ, ಗ ಚೆನ್ನಾಗಿಯೇ ಬಂದವು. ದ ಮತ್ತು ಧ ಬಂದಾಗ ಸಿಕ್ಕಿಬಿದ್ದೆ. ಎರಡಕ್ಕೂ ವ್ಯತ್ಯಾಸ ಕೆಳಗಿನ ಒಂದು ಸೀಳು ಮಾತ್ರ ಅಲ್ವಾ? ಎಂಟು ಸಾಲಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಧಪಾಟಿ ದಪಾಟಿ ಆಯಿತು, ಭಜಿ ಬಜಿ ಆಯಿತು. ಒತ್ತಕ್ಷರದ ಮಾತಂತೂ ಬೇಡ.

ಆಮೇಲೆ 16×24ಕ್ಕೆ ಹೋದೆ. ಎತ್ತರ ಸಿಕ್ಕಿತು. ಆದರೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಕೊಟ್ಟರೆ ರ ಬಯಲಲ್ಲಿ ನಿಂತಂತೆ, ಮ ಮತ್ತು ಯ ಸಂತೆಯಲ್ಲಿ ಸಿಕ್ಕಿಕೊಂಡಂತೆ. ಮೂರು ತಿಂಗಳು ಇದರಲ್ಲೇ ಹೋಯಿತು. ಬಿಲ್ ಹೊಡೆಯುವ ಪ್ರಿಂಟರಿಗೆ ಮೂರು ಸಾವಿರದ ಆಸುಪಾಸು ಕೊಟ್ಟಿದ್ದೆ. ಟೆಸ್ಟ್ ಪ್ರಿಂಟಿಗೆ ಸುಟ್ಟ ರೋಲ್ ನಲವತ್ತಕ್ಕಿಂತ ಜಾಸ್ತಿ. ಮನೆಯಲ್ಲಿ ಯಾರೂ ಬೈಯಲಿಲ್ಲ, ಆದರೆ ರೋಲ್ ಎಣಿಸುತ್ತಿದ್ದರು.

ದಾರಿ ಸಿಕ್ಕಿದ್ದು ಜಪಾನೀಸ್ ಕಂಪ್ಯೂಟರ್ ಫಾಂಟುಗಳಿಂದ. ಅವರು ಅರ್ಧ ಅಗಲ, ಪೂರ್ತಿ ಅಗಲ ಅಂತ ಎರಡು ಅಳತೆ ಇಟ್ಟುಕೊಂಡು ಸಾಲು ಕೂಡಿಸುತ್ತಾರೆ. ನಾನೂ 8 ಚುಕ್ಕೆಯ ಅರೆಮನೆ ಮಾಡಿದೆ. ಅಂಕಿಗೆ ಒಂದು ಅರೆಮನೆ. ಸಾಮಾನ್ಯ ಅಕ್ಷರಕ್ಕೆ ಎರಡು. ಮ, ಯಗೆ ಮೂರು. ಬಲಕ್ಕೆ ಬೆಳೆಯುವ ಕೊಂಬು, ದೀರ್ಘ, ಅರ್ಕಾವತ್ತು ಇವಕ್ಕೆ ಒಂದೊಂದು. ಒತ್ತಕ್ಷರಕ್ಕೆ ಸೊನ್ನೆ ಅಗಲ, ಕೆಳಗಿನ ಎಂಟು ಸಾಲು ಅದರದ್ದೇ. 58 ಮಿ.ಮೀ. ಪೇಪರಿನ ಪ್ರಿಂಟರ್ ಅಡ್ಡಕ್ಕೆ 384 ಚುಕ್ಕೆ ಹೊಡೆಯುತ್ತದೆ, ಅಂದರೆ ಸಾಲಿಗೆ 48 ಅರೆಮನೆ. 'ಹುಬ್ಬಳ್ಳಿ' ಏಳು ಅರೆಮನೆ, 56 ಚುಕ್ಕೆ, ಕಾಗದದ ಮೇಲೆ ಸರಿಯಾಗಿ 7 ಮಿ.ಮೀ. ಇದು ಅಪ್ಪಟ ಮೊನೊಸ್ಪೇಸ್ (ಎಲ್ಲ ಅಕ್ಷರಕ್ಕೂ ಒಂದೇ ಅಗಲ) ಅಲ್ಲ ಅಂತ ಗೆಳೆಯರು ವಾದ ಮಾಡಿದರು. ದರದ ಸಾಲು ನೂಲು ಹಿಡಿದಂತೆ ನಿಂತಿದೆ, ನನಗೆ ಅಷ್ಟು ಸಾಕು.

ನನ್ನ ಪರೀಕ್ಷೆಯ ಪದಗಳು ನಮ್ಮ ಕಡೆಯ ಊರುಗಳೇ. ಶಿಗ್ಗಾಂವಿ, ರಾಣೆಬೆನ್ನೂರು, ಲಕ್ಷ್ಮೇಶ್ವರ. ಕೊನೆಯದು ಎಲ್ಲರನ್ನೂ ಸೋಲಿಸುತ್ತದೆ. ಕ, ಅದರ ಕೆಳಗೆ ಷ, ಅದರ ಜೊತೆಗೆ ಮ, ಮೇಲೆ ಏತ್ವ. ಅದನ್ನು 24 ಸಾಲಿನಲ್ಲಿ ಓದುವ ಹಾಗೆ ಕೂಡಿಸಿದ್ದೇನೆ. ಹೇಗೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಕಡೆ ಹೊರಳಿದೆ. ಧಾರವಾಡದಲ್ಲಿ ಪರಿಚಯದ ಅಕ್ಕ ಒಬ್ಬರು ಕಸೂತಿ ಹಾಕುತ್ತಾರೆ. ನನ್ನ ಗ್ರಾಫ್ ಹಾಳೆ ನೋಡಿ, "ಇದರಾಗ ಎಳಿ ಎಣಿಕಿ ತಪ್ಪೇತಿ ತಮ್ಮಾ" ಅಂದರು. ಅವರ ಮುರಗಿ ಹೊಲಿಗೆಯ ಮೆಟ್ಟಿಲು ನೋಡಿದ ಮೇಲೆ ಗೊತ್ತಾಯಿತು. ನನ್ನ ಠ ಗಂಟುಗಂಟಾಗಿ ಕಾಣುತ್ತಿದ್ದದ್ದು ಅಂಚಿನ ಮೆಟ್ಟಿಲು 3, 1, 2 ಚುಕ್ಕೆ ಅಂತ ಹೋಗಿದ್ದಕ್ಕೆ. ಅದನ್ನು 3, 2, 1, 1, 2, 3 ಮಾಡಿದೆ, ದುಂಡಗಾಯಿತು. ಎಲ್ಲ ದುಂಡು ಅಕ್ಷರವನ್ನೂ ಮತ್ತೆ ಬಿಡಿಸಿದೆ. ಹದಿನೈದು ದಿನದ ಕೆಲಸ, ಆದರೆ ಫಾಂಟಿಗೆ ಮುಖ ಬಂದದ್ದೇ ಆಗ. ಅಕ್ಕ 'ಧಾರವಾಡ' ಅಂತ ಒಂದು ಚೀಲದ ಮೇಲೆ ಹಾಕಿಕೊಟ್ಟಿದ್ದಾರೆ. ಅದನ್ನು ಯಾರಿಗೂ ಕೊಡುವುದಿಲ್ಲ.

ಎಲ್‌ಇಡಿ ಬೋರ್ಡಿಗೆ ಇದೇ ಫಾಂಟ್ ಹಾಕಲು ಹೋಗಿ ಪೆಟ್ಟು ತಿಂದೆ. ಬೋರ್ಡಿಗೆ ಜೋಡಿಸುವ ಪಿ10 ಅನ್ನುವ ಎಲ್‌ಇಡಿ ಹಲಗೆಯ ಎತ್ತರ 16 ಚುಕ್ಕೆ ಮಾತ್ರ. ಅಕ್ಷರಕ್ಕೆ 10, ಒತ್ತಿಗೆ 6, ಅರೆಮನೆಗೆ 6 ಅಂತ ಬೇರೆಯೇ ಬಿಡಿಸಬೇಕಾಯಿತು. ರಾತ್ರಿ ರಸ್ತೆಯ ಆಚೆಯಿಂದ ನೋಡಿದರೆ ಬೆಳಕು ಹರಡಿ ಒಂದು ಚುಕ್ಕೆಯ ಸಂದು ಮುಚ್ಚಿಹೋಗುತ್ತದೆ, ಷ ಕೂಡ ಪ ಥರ ಕಾಣುತ್ತದೆ. ಒಂದು ಅಂಗಡಿಯವರು ಬೋರ್ಡ್ ವಾಪಸ್ ಕೊಟ್ಟರು. ನಾಲ್ಕು ಸಾವಿರ ಹೋಯಿತು. ಈಗ ಒಳಗಿನ ಸಂದು ಆದಷ್ಟೂ ಎರಡು ಚುಕ್ಕೆ ಬಿಡುತ್ತೇನೆ.

ಈವರೆಗೆ ಹಾಕಿದ್ದು ಹತ್ತಿರ ಹತ್ತಿರ ಹದಿನೆಂಟು ಸಾವಿರ. ವಾಪಸ್ ಬಂದದ್ದು ಹನ್ನೊಂದು. ಬಿಲ್ ಕೆಲಸ ಮೂರು ಕಡೆ ನಡೆದಿದೆ. ಟೀ ಶರ್ಟ್ ಮಾಡುವ ಹುಡುಗರೂ ಕೇಳಿದ್ದಾರೆ. ಅವರಿಗೆ ಹೇಳಿದ್ದು ಇಷ್ಟೇ: ಅಕ್ಷರದ ಅಳತೆ 24, 48, 72, ಈ ಲೆಕ್ಕದಲ್ಲೇ ಹಿಗ್ಗಿಸಿ, ಅಂಚು ನಯ ಮಾಡುವ ಆಯ್ಕೆ ಆಫ್ ಇಡಿ. ಒಬ್ಬ ಹುಡುಗ 30ರಲ್ಲಿ ಇಟ್ಟು, ಮಸುಕು ಬಂತು ಅಂತ ಫೋನ್ ಮಾಡಿದ್ದ. 48 ಮಾಡಿಸಿದೆ. ಹತ್ತು ನಿಮಿಷದಲ್ಲಿ ಫೋಟೋ ಕಳಿಸಿದ, ಎದೆಯ ಮೇಲೆ ದೊಡ್ಡದಾಗಿ 'ಗದಗ', ಒಂದೊಂದು ಚುಕ್ಕೆಯೂ ಎಣಿಸುವ ಹಾಗೆ.