ಬೀಡಿಂಗ್ ಕಿತ್ತ ಮೇಲೆ ಉಳಿದ ಗಮ್

ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಸ್ವಿಫ್ಟ್ ಕಾರಿಗೆ ಹಳೇ ಮಾಲೀಕರು ನಾಲ್ಕೂ ಬಾಗಿಲಿಗೆ ಕಪ್ಪು ಬೀಡಿಂಗ್, ಅಂದರೆ ಗೀರು ತಡೆಯೋ ಪಟ್ಟಿ, ಹಚ್ಚಿಸಿದ್ದರು. ಹುಬ್ಬಳ್ಳಿ ಬಿಸಿಲಿಗೆ ಅದು ಬಾಗಿ, ತುದಿ ಎದ್ದು, ಸಂದಿಯಲ್ಲಿ ಎರೆಮಣ್ಣಿನ ದೂಳು ಸೇರಿಕೊಂಡಿತ್ತು. ಎಡಗಡೆಯವು ಆಗಲೇ ಕಿತ್ತುಹೋಗಿದ್ದವು. ಅಲ್ಲಿ ಡಬಲ್ ಸೈಡ್ ಟೇಪಿನ ಸ್ಪಂಜು ಮಾತ್ರ ಉಳಿದು, ಒಣಗಿ, ಬಿರುಕು ಬಿಟ್ಟು ಕೂತಿತ್ತು. ಉಗುರು ಹಾಕಿದರೆ ಉಗುರೇ ಮುರೀಬೇಕು, ಹಾಗೆ.

ಗೋಕುಲ ರಸ್ತೆ ಕಡೆ ಒಂದು ಗ್ಯಾರೇಜಿನಲ್ಲಿ ಕೇಳಿದೆ. "ಥಿನ್ನರ್ ಹಚ್ಚಿದ್ರ ಒಂದ್ ನಿಮಿಷದಾಗ ಹೊಕ್ಕೈತ್ರಿ ಸರ" ಅಂದರು. ಹೋಗುತ್ತೆ, ಸುಳ್ಳಲ್ಲ. ಆದರೆ ಗಮ್ ಜೊತೆ ಇನ್ನೇನು ಹೋಗುತ್ತೆ ಅನ್ನೋದು ಬಾಗಿಲಿಗೆ ಹೊಡೆದ ಪೇಂಟ್ ಯಾವ ಥರದ್ದು ಅನ್ನೋದರ ಮೇಲೆ ನಿಂತಿದೆ. ಹಾಗಾಗಿ ನಾನು ಗಮ್ ಬಿಟ್ಟು ಮೊದಲು ಬಣ್ಣ ನೋಡಿದೆ.

ಕಂಪನಿಯಿಂದ ಬಂದ ಬಣ್ಣದಲ್ಲಿ ಕೆಳಗೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತೆ. ಎಲ್ಲಾ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಆರನೇ ಒಂದು ಭಾಗಕ್ಕಿಂತ ದಪ್ಪ ಇರೋದು ಕಡಿಮೆ. ಕಾರ್ಖಾನೆಯಲ್ಲಿ 140 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಸುಟ್ಟ ಬಣ್ಣ ಅದು, ಸ್ವಲ್ಪ ತಡಕೊಳ್ಳುತ್ತೆ. ಊರಲ್ಲಿ ಟಚಪ್ ಮಾಡಿಸಿದ ಬಾಗಿಲಿನ ಕಥೆ ಬೇರೆ. ಅಲ್ಲಿ ಅಗ್ಗದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದಿದ್ದರೆ ಅದು ಎಷ್ಟು ವರ್ಷ ಒಣಗಿದ್ದರೂ ಥಿನ್ನರ್ ತಾಗಿದ ಕೂಡಲೇ ಮತ್ತೆ ಕರಗುತ್ತೆ. ಅದನ್ನು ಹೊಡೆಯುವಾಗ ಕರಗಿಸಿದ್ದೇ ಥಿನ್ನರ್‌ನಲ್ಲಿ ಅಲ್ವಾ!

ಎಡಗಡೆ ಹಿಂದಿನ ಬಾಗಿಲ ಮೇಲೆ ನನಗೆ ಅನುಮಾನ ಇತ್ತು. ಕಿಟಕಿಯ ರಬ್ಬರಿನ ಅಂಚಿಗೆ ಬಣ್ಣದ ಗೆರೆ ಹತ್ತಿತ್ತು, ಕೀಲಿನ ಬೋಲ್ಟಿನ ಮೇಲೂ ಸಿಡಿದಿತ್ತು. ಬಾಗಿಲು ತೆಗೆದು, ಹೊರಗೆ ಕಾಣದ ಒಳ ಅಂಚಿನಲ್ಲಿ, ಬಿಳಿ ಬಟ್ಟೆಗೆ ಒಂದು ಹನಿ ಥಿನ್ನರ್ ಹಾಕಿ ಒರೆಸಿದೆ. ಬಾಗಿಲಿನ ಕೆಂಪು ಬಣ್ಣ ಬಟ್ಟೆಗೆ ಹತ್ತಿತು, ಅಂದರೆ ಅದು ಎನ್‌ಸಿ. ಬೇರೆ ಮೂರು ಬಾಗಿಲಲ್ಲಿ ಬಟ್ಟೆ ಬೆಳ್ಳಗೇ ಇತ್ತು. ಗ್ಯಾರೇಜಿನವರ ಮಾತಿನಂತೆ ಥಿನ್ನರ್ ಸುರಿದಿದ್ದರೆ ಆ ಬಾಗಿಲಲ್ಲಿ ಪಟ್ಟಿ ಪಟ್ಟಿಯಾಗಿ ಪ್ರೈಮರ್ ಕಾಣೋದು.

ಕೆಲಸ ಶುರು ಮಾಡೋ ಮುಂಚೆ ಕಾರು ತೊಳೆಯಲೇಬೇಕು. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಎಲ್ಲಾ ಕಡೆ ನಲ್ಲಿ ನೀರು ದಿನಾ ಬರೋದಿಲ್ಲ, ಗೊತ್ತು. ಆದರೂ ಎರಡು ಬಕೆಟ್ ಇದಕ್ಕೆ ಎತ್ತಿಡಿ. ದೂಳಿನ ಹರಳು ಬಟ್ಟೆ ಕೆಳಗೆ ಸಿಕ್ಕರೆ ಗಮ್ ತೆಗೆಯೋ ಹೊತ್ತಿಗೆ ಬಾಗಿಲ ತುಂಬ ಗೀರು. ಒಂದು ಬಕೆಟ್‌ನಲ್ಲಿ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸೋಕೆ.

ಬಲಗಡೆ ಇನ್ನೂ ಅಂಟಿಕೊಂಡಿದ್ದ ಬೀಡಿಂಗ್‌ಗೆ ಬಿಸಿಲೇ ಸಹಾಯ ಮಾಡಿತು. ಮಧ್ಯಾಹ್ನ ಕಾರು ಬಿಸಿಲಿಗೆ ನಿಲ್ಲಿಸಿ, ಮೇಲಿಂದ ಹೇರ್ ಡ್ರೈಯರ್‌ನಿಂದ ಇನ್ನಷ್ಟು ಬಿಸಿ ಕೊಟ್ಟೆ. ಕೈ ಇಟ್ಟರೆ ಹೆಚ್ಚು ಹೊತ್ತು ಇಡೋಕಾಗಬಾರದು, ಅಷ್ಟು ಸಾಕು. ಗ್ಯಾರೇಜಿನ ಹೀಟ್ ಗನ್ ಬೇಡ, ಅದರ ಗಾಳಿ ಬಣ್ಣವನ್ನೇ ಗುಳ್ಳೆ ಎಬ್ಬಿಸುವಷ್ಟು ಬಿಸಿ. ಆಮೇಲೆ ಗಾಳದ ದಾರವನ್ನು ಬೀಡಿಂಗ್ ಹಿಂದೆ ತೂರಿಸಿ, ಎರಡೂ ಕೈಯಲ್ಲಿ ಹಿಡಿದು ಗರಗಸದ ಹಾಗೆ ಎಳೆದೆ. ಸ್ಪಂಜು ನಡುವೆ ಸೀಳಿಕೊಂಡು ಬೀಡಿಂಗ್ ಕೈಗೆ ಬಂತು. ದಾರಕ್ಕೆ ಬಣ್ಣ ಗೀಚುವ ಧೈರ್ಯ ಇಲ್ಲ. ಸ್ಕ್ರೂಡ್ರೈವರ್‌ಗೆ ಇದೆ.

ಇಲ್ಲಿಂದ ಮುಂದೆ ಬಿಸಿಲು ಶತ್ರು. ಕಾರನ್ನು ನೆರಳಿಗೆ ತಂದು, ತಗಡು ತಣ್ಣಗಾಗಲು ಬಿಟ್ಟೆ. ಬಿಸಿ ತಗಡಿನ ಮೇಲೆ ಯಾವ ದ್ರವ ಹಾಕಿದರೂ ಗಮ್ ಒಳಗೆ ಇಳಿಯೋ ಮೊದಲೇ ಆರಿಹೋಗುತ್ತೆ.

ನಾನು ಬಳಸಿದ್ದು ಚಿಮಣಿ ಎಣ್ಣೆ. ಅಂದರೆ ಸೀಮೆಎಣ್ಣೆ. ಅದು ನಿಧಾನ ಆರುತ್ತೆ, ಬಣ್ಣಕ್ಕೆ ಅಷ್ಟೇನೂ ಕಾಟ ಕೊಡೋದಿಲ್ಲ. ಹಳೇ ಬನಿಯನ್ ಬಟ್ಟೆಯನ್ನು ಪಟ್ಟಿ ಹರಿದು, ಎಣ್ಣೆಯಲ್ಲಿ ಅದ್ದಿ ಹಿಂಡಿ, ಗಮ್ ಗೆರೆಯ ಮೇಲೆ ಹಾಸಿದೆ. ಮೇಲೆ ಹಾಲಿನ ಪಾಕೀಟಿನ ಪ್ಲಾಸ್ಟಿಕ್ ಒತ್ತಿ, ನಾಲ್ಕೂ ಕಡೆ ಪೇಪರ್ ಟೇಪ್. ಹೀಗೆ ಮುಚ್ಚಿಟ್ಟು ಅರ್ಧ ಗಂಟೆ ಸುಮ್ನೆ ಕೂರೋದೇ ನಿಜವಾದ ಕೆಲಸ. ಜಾಸ್ತಿ ಜನ ಎಣ್ಣೆ ಹಚ್ಚಿದ ತಕ್ಷಣ ಉಜ್ಜೋಕೆ ಶುರು ಮಾಡ್ತಾರೆ, ಆಮೇಲೆ "ಇದರಾಗ ಏನೂ ಹೋಗಂಗಿಲ್ಲ" ಅಂತಾರೆ.

ಪಟ್ಟಿ ತೆಗೆದಾಗ ಸ್ಪಂಜು ಊದಿಕೊಂಡು ಮೆತ್ತಗಾಗಿತ್ತು. ಹೆಬ್ಬೆರಳಿಂದ ಒತ್ತಿ ಮುಂದಕ್ಕೆ ದೂಡಿದರೆ ಗಮ್ ಶಾವಿಗೆ ಹೊಸೆದ ಹಾಗೆ ಎಳೆ ಎಳೆಯಾಗಿ ಉರುಳಿ ಬಂತು. ಕೆಲವು ಕಡೆ ಬರಲಿಲ್ಲ. ಅಲ್ಲಿ ಹಳೇ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ, ಅಡ್ಡ ಹಿಡಿದು ದೂಡಿದೆ. ಬಟ್ಟೆ ಮೇಲೆ ಗಮ್ ಕಂಡ ತಕ್ಷಣ ಮಡಿಕೆ ಬದಲಿಸಬೇಕು, ಇಲ್ಲ ಅಂದರೆ ಇಲ್ಲಿಂದ ತೆಗೆದದ್ದನ್ನೇ ಅಲ್ಲಿ ಮೆತ್ತಿದಂತೆ. ಮೊಂಡು ಜಾಗಕ್ಕೆ ಮತ್ತೆ ಪಟ್ಟಿ, ಮತ್ತೆ ಕಾಯೋದು.

ಅವ್ವ ನಡುವೆ ಬಂದು, "ಶೇಂಗಾ ಎಣ್ಣಿ ಹಚ್ಚಿ ನೋಡಪಾ, ಡಬ್ಬಿ ಮ್ಯಾಲಿನ ಸ್ಟಿಕ್ಕರ್ ಅದಕ್ಕ ಹೋಗತೈತಿ" ಅಂದಳು. ಅದು ಸರಿಯಾದ ಮಾತೇ. ಆ ಟಚಪ್ ಬಾಗಿಲಿಗೆ ನಾನು ಬಳಸಿದ್ದು ಅದನ್ನೇ. ಎನ್‌ಸಿ ಬಣ್ಣಕ್ಕೆ ಅಡುಗೆ ಎಣ್ಣೆಯಿಂದ ಅಪಾಯ ಇಲ್ಲ. ಆದರೆ ಬಹಳ ನಿಧಾನ. ರಾತ್ರಿ ಹಚ್ಚಿ ಬೆಳಿಗ್ಗೆ ತೆಗೆಯಬೇಕು, ಸ್ವಲ್ಪ ಹೇರ್ ಡ್ರೈಯರ್ ಬಿಸಿ, ಸ್ವಲ್ಪ ಹೆಬ್ಬೆರಳು. ಬಣ್ಣ ಉಳಿಯಿತು.

ಕಂಪನಿ ಬಣ್ಣದ ಮೂರು ಬಾಗಿಲಲ್ಲಿ ಕೊನೆಗೆ ಕೈಗೆ ಮಾತ್ರ ತಿಳಿಯೋ ತೆಳು ಅಂಟು ಉಳಿದಿತ್ತು. ಅದಕ್ಕೆ ಮೆಡಿಕಲ್ ಶಾಪಿನ ಸ್ಪಿರಿಟ್, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಬಟ್ಟೆಗೆ ಹಾಕಿ ಒರೆಸಿದೆ. ಚಿಮಣಿ ಎಣ್ಣೆಯ ಜಿಡ್ಡೂ ಅದರ ಜೊತೆ ಹೋಯಿತು. ಟಚಪ್ ಬಾಗಿಲಿಗೆ ಸ್ಪಿರಿಟ್ ಮುಟ್ಟಿಸಲಿಲ್ಲ, ಎನ್‌ಸಿ ಅದನ್ನೂ ತಡಕೊಳ್ಳುತ್ತೆ ಅಂತ ನಂಬೋಕಾಗೋದಿಲ್ಲ. ಬರೀ ಶಾಂಪೂ ನೀರು.

ಪೆಟ್ರೋಲ್ ಹಾಕಿ ಅನ್ನೋರು ಇದ್ದಾರೆ. ಗಮ್ ಬಿಡುತ್ತೆ, ಆದರೆ ಅದರ ಹಬೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಪಕ್ಕದಲ್ಲಿ ಹೇರ್ ಡ್ರೈಯರ್ ಇಟ್ಟುಕೊಂಡು ಆ ಕೆಲಸ ಬೇಡವೇ ಬೇಡ. ಚಿಮಣಿ ಎಣ್ಣೆ ಪಟ್ಟಿಯನ್ನೂ ಡ್ರೈಯರ್‌ನಿಂದ ದೂರ ಇಡಿ. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತೆ, ಅದು ಕ್ಲಿಯರ್ ಕೋಟ್ ಮಂಕು ಮಾಡುತ್ತೆ. ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರ್ ಬಗ್ಗೆ ನಾನು ಹೇಳೋದೇ ಬೇಡ.

ಗಮ್ ಪೂರ್ತಿ ಹೋದ ಮೇಲೂ ಬೀಡಿಂಗ್ ಇದ್ದ ಜಾಗ ಗೆರೆಯಾಗಿ ಕಾಣುತ್ತಿತ್ತು. ಅದು ಕಲೆ ಅಲ್ಲ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಮುಚ್ಚಿದ್ದ ಜಾಗ ಹೊಸದರಂತೆ ಉಳಿದಿದೆ, ಅಷ್ಟೇ. ಹಾಗಾಗಿ ಗೆರೆಯನ್ನು ಉಜ್ಜಿ ಉಪಯೋಗ ಇಲ್ಲ, ಸುತ್ತಲಿನ ಬಣ್ಣಕ್ಕೆ ರಬ್ಬಿಂಗ್ ಕಾಂಪೌಂಡ್ (ಮೇಲ್ಪದರ ಸ್ವಲ್ಪ ಸವೆಸೋ ಪೇಸ್ಟ್) ಹಾಕಿ ಹೊಳಪು ತರಬೇಕು. ಹಗುರ ಕೈಯಲ್ಲಿ ಹಾಕಿ ಮೇಲೆ ವ್ಯಾಕ್ಸ್ ಕೊಟ್ಟೆ. ಓರೆಯಾಗಿ ನೋಡಿದರೆ ಗೆರೆ ಇನ್ನೂ ಸ್ವಲ್ಪ ಕಾಣುತ್ತೆ. ಅದಕ್ಕಾಗಿ ಇನ್ನೂ ಕ್ಲಿಯರ್ ಕೋಟ್ ಸವೆಸೋಕೆ ನನಗೆ ಮನಸ್ಸಿಲ್ಲ.

ಹಿಂದಿನ ಗಾಜಿನ ಮೇಲೂ ಹಳೇ ಸ್ಟಿಕ್ಕರ್ ಇತ್ತು. ಗಾಜಿಗೆ ಹೊರಗಡೆಯಿಂದ ಶಾಂಪೂ ನೀರು ಹಾಕಿ ಹೊಸ ಬ್ಲೇಡ್ ಓರೆ ಹಿಡಿದು ಹೆರೆಯಬಹುದು. ಒಳಗಡೆ ಮಾತ್ರ ಬ್ಲೇಡ್ ಬೇಡ. ಡಿಫಾಗರ್, ಅಂದರೆ ಮಂಜು ಆರಿಸೋ ಬಿಸಿ ಗೆರೆಗಳು, ಇರುವ ಕಾರಿನಲ್ಲಿ ಆ ಸಣ್ಣ ಗೆರೆಗಳು ಗಾಜಿನ ಒಳಮೈ ಮೇಲೇ ಇರುತ್ತವೆ, ಒಂದು ಗೆರೆ ಕತ್ತರಿಸಿದರೆ ಮಳೆಗಾಲದಲ್ಲಿ ಧಾರವಾಡದ ಕಡೆ ಹೋಗುವಾಗ ಅಷ್ಟು ಜಾಗದ ಮಂಜು ಆರೋದಿಲ್ಲ.